ಸಂಕ್ರಮಣಕ್ಕೆ ಒಂದೂವರೆ ನಿಮಿಷ

ಕಳೆದ ತಿಂಗಳು ಹಳೆಯ ಮಳೆ ದಾಖಲೆಗಳ ಕಟ್ಟೊಂದನ್ನು ಬಿಚ್ಚಿ ಹಾಳೆಗಳನ್ನು ಬಿಸಿಲಿಗೆ ಹರಡುತ್ತಿದ್ದಾಗ ಎರಡು ಪುಟಗಳ ನಡುವಿನಿಂದ ಒಂದು ಕಾಗದದ ಪಟ್ಟಿ ಜಾರಿ ಬಿತ್ತು. ಬೆರಳಗಲದ ಪಟ್ಟಿ, ಒಂದು ಅಂಚಿನಲ್ಲಿ ಗರಗಸದಂತೆ ಕತ್ತರಿಸಿದ ಹಲ್ಲುಗಳು. ಈಗಿನವರಿಗೆ ಅದೇನೆಂದು ತಿಳಿಯಲಾರದು. ಔಷಧಾಲಯಗಳಲ್ಲಿ ಮಿಕ್ಸ್ಚರ್ ತುಂಬಿದ ಸೀಸೆಗೆ ಇಂಥ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲಿನಿಂದ ಮುಂದಿನ ಹಲ್ಲಿನವರೆಗೆ ಒಂದು ಹೊತ್ತಿನ ಮದ್ದು. ಮೂಗಿಗೆ ಹಿಡಿದೆ. ಓಮದ ನೀರಿನ ವಾಸನೆ ಬಂದಂತಾಯಿತು. ಇಷ್ಟು ದಶಕಗಳ ಕಾಲ ಒಂದು ವಾಸನೆ ಕಾಗದದಲ್ಲಿ ಉಳಿಯಬಲ್ಲುದೆ ಎಂಬುದನ್ನು ನಾನು ಪರಿಶೀಲಿಸಿಲ್ಲ... ಆದರೆ ಹಲ್ಲುಗಳ ಅಂತರವನ್ನು ಅಳತೆಪಟ್ಟಿಯಿಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗೆ ಕತ್ತರಿಸುತ್ತಿದ್ದವರು ನಾನು ಕಂಡಂತೆ ಒಬ್ಬರೇ: ಮೂರ್ನಾಡಿನಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಕಾಂಪೌಂಡರು.

ಮೊದಲು ಕಾಲವನ್ನು ನಿಶ್ಚಯಿಸಿಕೊಳ್ಳಬೇಕು. ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದ್ದು ೧೯೫೬ರ ನವೆಂಬರ್ ಒಂದರಂದು. ನಾನು ಮೂರ್ನಾಡಿಗೆ ಹೋದದ್ದು ಅದರ ಮರುವರ್ಷದ ಮುಂಗಾರಿಗೆ ಎಂದು ಬಹುಕಾಲ ನಂಬಿದ್ದೆ. ನೇಮಕಾತಿ ಆದೇಶವನ್ನು ತೆಗೆದು ನೋಡಿದರೆ ಹಾಗಲ್ಲ, ಇನ್ನೊಂದು ವರ್ಷ ತಡ. ದಾಖಲೆ ಪುಸ್ತಕದ ಮೇಲೆ ಹಳೆಯ ಕೊಡಗಿನ ಮೊಹರು ಇದ್ದದ್ದೇ ನನ್ನ ತಪ್ಪಿಗೆ ಕಾರಣ. ಹೊಸ ಮೊಹರು ಬರುವವರೆಗೆ ಕಚೇರಿಯವರು ಹಳೆಯದನ್ನೇ ಒತ್ತುತ್ತಿದ್ದರು. ಆದ್ದರಿಂದ ಮುಂದೆ ಹೇಳುವ ತುಲಾ ಸಂಕ್ರಮಣವು ವಿಲೀನದ ನಂತರದ ಎರಡನೆಯದು. ಇದರಲ್ಲಿ ನನಗೆ ಸಂಶಯವಿಲ್ಲ.

ನಾನು ಸೋಮವಾರಪೇಟೆಯ ಕಡೆಯವನು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮಳೆಮಾಪಕದ ನೀರನ್ನು ಅಳೆದು ಬರೆಯುವುದು ನನ್ನ ಮೊದಲ ಉದ್ಯೋಗ. ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವವನಿಗೆ ರೈಟರ್ ಎನ್ನುವ ಊರಾದ್ದರಿಂದ ಜನ ನನ್ನನ್ನು 'ಮಳೆ ರೈಟ್ರು' ಎಂದು ಕರೆದರು. ನನ್ನಲ್ಲಿ ಒಂದು ಒಳ್ಳೆಯ ಕೈಗಡಿಯಾರವಿತ್ತು. ಕಾಂಪೌಂಡರು ಮೊದಲ ದಿನವೇ ಅದನ್ನು ಗಮನಿಸಿದರು; ಎರಡನೆಯ ದಿನದಿಂದ ತಮ್ಮ ಗೋಡೆ ಗಡಿಯಾರವನ್ನು ಅದಕ್ಕೆ ಸರಿಹೊಂದಿಸತೊಡಗಿದರು.

ಆಗ ಅವರಿಗೆ ನಲವತ್ತರ ಆಸುಪಾಸು. ಭಾಗಮಂಡಲದ ಕಡೆಯ ಅರೆಭಾಷೆಯ ಕುಟುಂಬ; ಆ ಮಾತಿನಲ್ಲಿ 'ಉಂಟು' ಎಂಬುದು 'ಉಟ್ಟು', 'ಅಂತ' ಎಂಬುದು ಬರೀ 'ತ'. ಮನೆಯಲ್ಲಿ ಅವರು, ಅವರ ಹೆಂಡತಿ, ಹಾಸಿಗೆ ಹಿಡಿಯತೊಡಗಿದ್ದ ತಾಯಿ, ಹೊರಕೋಣೆಯಲ್ಲಿ ನಾನು. ಬೆಳಿಗ್ಗೆ ದೀಪ ಹಚ್ಚಿ ನಾಮ ಹೇಳಲು ಕುಳಿತರೆ ನಡುವೆ ನಾಯಿ ಬೊಗಳಿದರೂ ಸಾಕು, ಮೊದಲಿನಿಂದ ಆರಂಭಿಸುತ್ತಿದ್ದರು. ಒಂದು ಅಕ್ಷರ ನಾಲಿಗೆಯಲ್ಲಿ ತೊಡರಿದಂತೆ 'ಅನ್ನಿಸಿದರೂ' ಮತ್ತೆ ಮೊದಲಿನಿಂದ. ತೊಡರಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ, ಅನ್ನಿಸಿತ್ತು, ಅಷ್ಟೆ. ಔಷಧಾಲಯದಲ್ಲಿಯೂ ಅದೇ ಕ್ರಮ. ವಿಷದ ಕಪಾಟಿಗೆ ಬೀಗ ಹಾಕಿ ಎಳೆದು ನೋಡುವರು, ಹೊಸ್ತಿಲವರೆಗೆ ಹೋಗಿ ಹಿಂದಿರುಗಿ ಮತ್ತೆ ಎಳೆದು ನೋಡುವರು. ಅಳತೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಳಿಸಿ, ಮತ್ತೆ ಎತ್ತುವರು. ಬಾಗಿಲಿನ ಸಾಲಿನಲ್ಲಿ ಕಾದು ನಿಂತ, ಎಸ್ಟೇಟಿನ ಕೂಲಿಗಳ ಲೈನು ಮನೆಯ ಹೆಂಗಸೊಬ್ಬಳು ಹೇಳಿದ್ದು ನೆನಪಿದೆ:

"ಕಾಂಪೌಂಡ್ರೆ, ನಿಮ್ಮ ಮಿಕ್ಸ್ಚರ್ ರೆಡಿ ಆಗೂವಾಗ ನನ್ನ ಜ್ವರ ಬೇಜಾರಾಗಿ ಮನೆಗೆ ಹೋತ್."

ಸಾಲು ನಕ್ಕಿತು. ಅವರೂ ನಕ್ಕರು, ಆದರೆ ಗಾಜನ್ನು ಮತ್ತೊಮ್ಮೆ ಎತ್ತಿದರು. ಅವರ ಕೈಯಿಂದ ಒಂದು ಹನಿ ಹೆಚ್ಚುಕಡಿಮೆಯಾದ ಉದಾಹರಣೆ ಇರಲಿಲ್ಲ. ಮನೆಯಲ್ಲಿ ಅದನ್ನು ಭಕ್ತಿ ಎಂದರು, ಔಷಧಾಲಯದಲ್ಲಿ ಶ್ರದ್ಧೆ ಎಂದರು. ಸಂಕಟ ಎಂದು ಯಾರೂ ಹೇಳಲಿಲ್ಲ. ಅವರ ಹೆಂಡತಿಯ ಮಾತು ಮಾತ್ರ ಬೇರೆಯಿತ್ತು. ಅಕ್ಷರ ಕಲಿಯದ ಆಕೆ ಒಮ್ಮೆ ಅಕ್ಕಿ ಕೇರುತ್ತ ನನ್ನೊಡನೆ ಅಂದರು: "ಇವ್ಕೆ ದೇವ್ರೂ ಒಂದ್ ಸೀಸೆನೇ. ಲೇಬಲ್ ಅಂಟ್ಸದೆ ನಂಬಿಕೆ ಇಲ್ಲೆ."

ತುಲಾ ಸಂಕ್ರಮಣದ ಕ್ಷಣದಲ್ಲಿ ತಲಕಾವೇರಿಯ ಕುಂಡಿಕೆಯೆಂಬ ಪುಟ್ಟ ಕೊಳದಲ್ಲಿ ನೀರು ಉಕ್ಕುತ್ತದೆ, ಕಾವೇರಿ ತೀರ್ಥರೂಪಿಣಿಯಾಗಿ ಬರುತ್ತಾಳೆ ಎಂಬುದು ಕೊಡಗಿನ ನಂಬಿಕೆ. ಆ ತೀರ್ಥವನ್ನು ಸೀಸೆಯಲ್ಲಿ ತಂದು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಪ್ರಾಣ ಹೋಗುವಾಗ ಬಾಯಿಗೆ ಒಂದು ಬಿಂದು ಬಿಡಬೇಕು. ಕಾಂಪೌಂಡರ ತಂದೆಗೂ ಹಾಗೆ ಬಿಟ್ಟಿದ್ದರು. ಕೆಲವು ವರ್ಷಗಳ ಮೇಲೆ, ಆ ತೀರ್ಥವನ್ನು ತಂದಿದ್ದ ಚಿಕ್ಕಪ್ಪ ಒಂದು ಮದುವೆ ಊಟದಲ್ಲಿ ನಗುತ್ತ ಬಾಯಿಬಿಟ್ಟನಂತೆ: ಆ ವರ್ಷ ತಾನು ಬೆಟ್ಟ ಹತ್ತಿಯೇ ಇರಲಿಲ್ಲ, ಕೆಳಗೆ ತೊರೆಯಲ್ಲಿ ತುಂಬಿಸಿಕೊಂಡು ಬಂದದ್ದು. ಕೇಳಿದವರೆಲ್ಲ ನಕ್ಕು ಊಟ ಮುಂದುವರಿಸಿದರು. ಒಬ್ಬರು ಮಾತ್ರ ಎಲೆಯಿಂದ ಎದ್ದುಹೋದರು.

ಅವರ ವ್ಯಾಧಿಗೆ ಇದೇ ಕಾರಣವೆಂದು ಹೇಳಲಾರೆ. ಗೀಳು ಎಂಬುದು ಹುಟ್ಟುವಾಗಲೇ ಒಳಗಿದ್ದು, ತನಗೆ ಬೇಕಾದ ನೆಪವನ್ನು ಹುಡುಕಿಕೊಳ್ಳುತ್ತದೆಂದು ಬಹಳ ವರ್ಷಗಳ ಮೇಲೆ ವೈದ್ಯ ಮಿತ್ರರೊಬ್ಬರು ವಿವರಿಸಿದರು. ಧರ್ಮವು ಆ ಸಂಶಯವನ್ನು ಹುಟ್ಟಿಸಿತೋ, ಸಂಶಯವೇ ಧರ್ಮದ ವೇಷ ತೊಟ್ಟಿತೋ ನಾನು ತೀರ್ಮಾನಿಸಲಾರೆ. ಅದೇ ಮನೆಯಲ್ಲಿ ಅದೇ ದೀಪಕ್ಕೆ ಕೈಮುಗಿಯುತ್ತಿದ್ದ ತಾಯಿ ಮುಗಿದ ಕೈಯನ್ನು ಇಳಿಸಿ ನಿಶ್ಚಿಂತೆಯಿಂದ ಮಲಗುತ್ತಿದ್ದರು. ಮಗನಿಗೆ ಮುಗಿದ ಕೈಯನ್ನು ಇಳಿಸಲು ಬರುತ್ತಿರಲಿಲ್ಲ...

ಆ ವರ್ಷ ತಾಯಿ ಸಂಕ್ರಮಣದಾಚೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ಕಾಂಪೌಂಡರು ಮನೆಯಲ್ಲಿದ್ದ ಹಳೆಯ ತೀರ್ಥವನ್ನೆಲ್ಲ, ಯಾರು ಯಾವಾಗ ತುಂಬಿಸಿದರೆಂದು ಗೊತ್ತಿಲ್ಲವೆಂದು, ತುಳಸಿಯ ಬುಡಕ್ಕೆ ಸುರಿದರು. ಅವ್ವನ ಬಾಯಿಗೆ ಬೀಳುವ ಬಿಂದು ತಾವೇ ಕಣ್ಣಾರೆ, ಪಂಚಾಂಗದಲ್ಲಿ ಹೇಳಿದ ನಿಮಿಷದಲ್ಲಿ ತುಂಬಿದ್ದಾಗಿರಬೇಕು. ತಂದೆಗೆ ಆದದ್ದು ತಾಯಿಗೆ ಆಗಬಾರದು. ಇದೊಂದೇ ಅವರ ಹಟ. "ನಿಮ್ಮ ವಾಚ್ ಹಿಡ್ಕೊಂಡು ನನ್ನ ಒಟ್ಟಿಗೆ ಬನ್ನಿ ಮಳೆ ರೈಟ್ರೆ," ಎಂದರು. ನನಗೆ ಸಂತೋಷವೇ ಆಯಿತು. ನಿಖರತೆಯನ್ನು ಗೌರವಿಸುವ ಒಬ್ಬರಾದರೂ ಸಿಕ್ಕಿದರು ಎಂದುಕೊಂಡೆ.

ಭಾಗಮಂಡಲದವರೆಗೆ ಬಸ್ಸು; ಅಲ್ಲಿಂದ ಬೆಟ್ಟಕ್ಕೆ ನಡಿಗೆ. ಆ ಸಲ ಮುಹೂರ್ತ ಅಪರಾಹ್ನದಲ್ಲಿತ್ತು. ಮಂಜು ಹರಿದು ಹರಿದು ಕವಿಯುತ್ತಿತ್ತು. ಕುಂಡಿಕೆಯ ಸುತ್ತ ಒದ್ದೆ ಬಟ್ಟೆಯ ಜನ, ಹೆಗಲಿಗೆ ಹೆಗಲು. ಅವರು ವಿರಾಜಪೇಟೆಯಿಂದ ಕೊಂಡು ತಂದು, ಕುದಿಸಿ ಒಣಗಿಸಿದ ಎರಡು ಹೊಸ ಸೀಸೆಗಳನ್ನು ಎದೆಗೆ ಒತ್ತಿಕೊಂಡಿದ್ದರು. ನಾನು ಮಣಿಕಟ್ಟನ್ನು ಕಣ್ಣೆದುರಿಗೆ ಹಿಡಿದು ನಿಂತಿದ್ದೆ. ಒಮ್ಮೆಲೇ ಗಂಟೆ ಬಾರಿಸಿತು. ಜನಸಮೂಹದಿಂದ ಒಂದು ಕೂಗು ಎದ್ದಿತು, ಹಿಂದಿನಿಂದ ತಳ್ಳಿದರು, ಅವರ ಕೈ ನೀರಿಗೆ ಇಳಿಯಿತು. ಮೊದಲ ಸೀಸೆ ತುಂಬಿತು.

ನೂಕಿನಿಂದ ಹೊರಬಂದೊಡನೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟಾಗಿತ್ತ್? ಸರಿಯಾಗಿ ಹೇಳಿ."

"ಒಂದೂವರೆ ನಿಮಿಷ ಬಾಕಿ ಇತ್ತು," ಎಂದೆ.

ನಾನು ನೋಡಿದ್ದನ್ನೇ ಹೇಳಿದೆ. ಅವರ ಮುಖದ ಬಣ್ಣ ಇಳಿದದ್ದನ್ನು ನೋಡಿಯೂ ಅದಕ್ಕೆ ಮತ್ತೊಂದನ್ನು ಸೇರಿಸಿದೆ: ಗಡಿಯಾರವನ್ನು ರೇಡಿಯೊಗೆ ಸರಿಹೊಂದಿಸಿ ಎರಡು ದಿನವಾಗಿತ್ತು, ಅದೂ ಸ್ವಲ್ಪ ತಪ್ಪಿರಬಹುದು. ಅವರು ಮತ್ತೆ ಜನರೊಳಗೆ ನುಗ್ಗಿದರು. ಈ ಸಲ ಕುಂಡಿಕೆಯ ಹತ್ತಿರ ಹೋಗಲಾಗಲಿಲ್ಲ. ಅರ್ಚಕರೊಬ್ಬರು ಕೊಡದಿಂದ ಎರಡನೆಯ ಸೀಸೆಗೆ ಹೊಯ್ದರು. "ಈ ಕೊಡ ತುಂಬಿಸಿದ್ದು ಯಾವಾಗ?" ಎಂದು ಕಾಂಪೌಂಡರು ಕೇಳಿದರು.

"ಈ ದಿನವೆಲ್ಲ ತೀರ್ಥವೇ, ತಿಂಗಳು ಪೂರ್ತಿ ತೀರ್ಥವೇ. ಮುಂದೆ ಹೋಗಿ ಮಾರಾಯ್ರೆ, ಹಿಂದೆ ಜನ ಇದ್ದಾರೆ."

ಇಳಿಜಾರಿನಲ್ಲಿ ಬಹಳ ದೂರ ನಡೆದ ಮೇಲೆ ಅವರು ತಮಗೆ ತಾವೇ ಹೇಳಿಕೊಂಡರು: "ಅದ್ ಜನರಿಗೆ ಹೇಳೂದು."

ಮುಂದಿನ ಒಂದು ವಾರದ ವಿಷಯವನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಪ್ರತಿ ಸಂಜೆ ನಾವಿಬ್ಬರೂ ಪೇಟೆಯ ಜವಳಿ ಅಂಗಡಿಗೆ ಹೋಗಿ, ಅಲ್ಲಿನ ಬ್ಯಾಟರಿ ರೇಡಿಯೊದ ಸಮಯ ಸಂಕೇತಕ್ಕೆ ನನ್ನ ಗಡಿಯಾರವನ್ನು ಹೋಲಿಸಿದೆವು. ದಿನಕ್ಕೆ ಎಷ್ಟು ಸೆಕೆಂಡು ಹಿಂದೆ, ಹಿಂದಿನ ಎರಡು ದಿನಗಳಲ್ಲಿ ಎಷ್ಟಿರಬಹುದು, ಬೆಟ್ಟದ ಚಳಿಗೆ ಎಷ್ಟು ಕಳೆಯಬೇಕು... ನಾನು ಗೆರೆ ಎಳೆದು ಕೋಷ್ಟಕ ಮಾಡಿದೆ. ಅಂಗಡಿಯ ಮಾಲೀಕರಾದ ಬ್ಯಾರಿಗಳು ಗಿರಾಕಿಗಳಿಗೆ ನಮ್ಮನ್ನು ತೋರಿಸುತ್ತಿದ್ದರು: "ಇವ್ರಿಬ್ರಿಗೆ ನ್ಯೂಸ್ ಬೇಡ. ಕೂ ಕೂ ಮಾತ್ರ ಸಾಕು. ದಿಲ್ಲಿಯಲ್ಲಿ ಸರ್ಕಾರ ಬಿದ್ರೂ ಗೊತ್ತಾಗೂದಿಲ್ಲ." ನಾನು ನಕ್ಕೆ. ಅದು ನನಗೆ ಶಾಸ್ತ್ರೀಯ ಅಭ್ಯಾಸವಾಗಿತ್ತು. ಅವರಿಗೆ ಅದು ಏನಾಗಿತ್ತೆಂದು ನಾನು ಕೇಳಲಿಲ್ಲ. ಕೊನೆಗೆ ಬಂದ ಫಲಿತಾಂಶವೆಂದರೆ ಮೊದಲ ಸೀಸೆ ಕ್ಷಣಕ್ಕೆ ತುಸು ಮುಂಚೆ ತುಂಬಿರಬಹುದು, ತುಸು ಅನಂತರವೂ ತುಂಬಿರಬಹುದು. ಎರಡನೆಯದರ ಕೊಡದ ವಿಷಯ ಯಾರಿಗೂ ತಿಳಿಯದು. ಅವರು ಎರಡಕ್ಕೂ ಚೀಟಿ ಅಂಟಿಸಿ, ಒಂದು, ಎರಡು ಎಂದು ಬರೆದು, ದೇವರ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗವನ್ನು ಎಳೆದು ನೋಡುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು.

ಸುಗ್ಗಿಯ ಪುತ್ತರಿ ಹಬ್ಬಕ್ಕೆ ಇನ್ನು ಕೆಲವೇ ದಿನಗಳಿದ್ದಾಗ ಒಂದು ಬೆಳಿಗ್ಗೆ ತಾಯಿಗೆ ಮೇಲುಸಿರು ಬಂತು. ನಾನು ಮಳೆಮಾಪಕದ ಕಡೆಗೆ ಹೊರಟವನು ಅವರ ಹೆಂಡತಿ ಕರೆದದ್ದಕ್ಕೆ ಒಳಗೆ ಹೋದೆ. ಮುದುಕಿಗೆ ಎಚ್ಚರವಿತ್ತು. ತುಟಿ ಬಿರಿದಿತ್ತು.

"ತೀರ್ಥ ಕೊಡ್ ಮಗಾ," ಎಂದರು.

ಕಾಂಪೌಂಡರು ಎರಡು ಕೈಗಳಲ್ಲಿ ಎರಡು ಸೀಸೆಗಳನ್ನು ಹಿಡಿದು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದರು. ಹೆಂಡತಿ ಒಂದಕ್ಕೆ ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಂಡರು. "ಎರಡರಿಂದ್ಲೂ ಒಂದೊಂದ್ ಬಿಂದು ಬಿಡಿ," ಎಂದರು ಆಕೆ. ಅವರು ತಲೆಯಾಡಿಸಿದರು: ಸುಳ್ಳು ನೀರು ಎರಡನೆಯದಾಗಿ ಬಿದ್ದರೆ ಕೊನೆಯ ಬಿಂದು ಸುಳ್ಳಾಯಿತು, ಬೆರೆತರೆ ಯಾವುದು ಉಳಿಯಿತು... ಪಕ್ಕದ ಮನೆಯ ಹೆಂಗಸು ಓಡಿಹೋಗಿ ತನ್ನ ಮನೆಯ ತೀರ್ಥವನ್ನು ಬಟ್ಟಲಿನಲ್ಲಿ ತಂದಳು. ಅವರು ಅವಳನ್ನೂ ಕೇಳಿದರು, "ಇದರ ಯಾರ್ ತಂದದ್? ಯಾವ ಹೊತ್ತಿಗೆ?"

"ನಮ್ಮಜ್ಜಂಗೆ ಆದ ತೀರ್ಥ ನಿಮ್ಮವ್ವಂಗೆ ಆದ್ಲೆನಾ?" ಎಂದು ಅವಳು ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು ಬಾಗಿಲಿಗೆ ಸರಿದು ನಿಂತಳು.

ತಾಯಿ ಕಣ್ಣು ತೆರೆದು ಮಗನನ್ನು ನೋಡಿದರು. ಆ ಸ್ಥಿತಿಯಲ್ಲಿಯೂ ಅವರ ದನಿಯಲ್ಲಿ ಸಣ್ಣ ತಮಾಷೆಯಿತ್ತು. "ಕಾವೇರಮ್ಮಂಗೆ ವಾಚ್ ಉಟ್ಟಾ ಮಗಾ?"

ಅವರು ಸೀಸೆಯ ಬಿರಡೆಗೆ ಬೆರಳು ತಂದರು. ನಾಮ ಹೇಳತೊಡಗಿದರು. ನಡುವೆ ನಿಂತರು. ಮೊದಲಿನಿಂದ ಆರಂಭಿಸಿದರು. ಮತ್ತೆ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. ಆ ಕಣ್ಣುಗಳನ್ನು ವರ್ಣಿಸಲು ನನ್ನಿಂದಾಗದು. ನೀರಿನಲ್ಲಿ ಮುಳುಗುತ್ತಿರುವವನು ದಡದಲ್ಲಿ ನಿಂತವನನ್ನು ನೋಡುವ ಹಾಗೆ ನೋಡಿದರು.

"ನೀವ್ ಹೇಳಿ ಮಳೆ ರೈಟ್ರೆ. ಯಾವ್ದು? ನೀವ್ ಹೇಳಿದ್ರೆ ಬಿಡ್ತೆ."

ಒಂದು ಬೆರಳನ್ನು ಎತ್ತಿ ತೋರಿಸಿದ್ದರೆ ಸಾಕಾಗಿತ್ತು.

"ಖಚಿತವಾಗಿ ಹೇಳೋಕೆ ಬರೋದಿಲ್ಲ," ಎಂದೆ.

ಅವರು ಮತ್ತೆ ನಾಮವನ್ನು ಮೊದಲಿನಿಂದ ಆರಂಭಿಸಿದರು. ಅದು ಮುಗಿಯುವ ಮುಂಚೆಯೇ ಹಾಸಿಗೆಯಲ್ಲಿ ಉಸಿರಿನ ಸದ್ದು ನಿಂತಿತ್ತು. ಅವರು ಅದನ್ನು ತಿಳಿಯದೆ ನಾಮ ಹೇಳುತ್ತಲೇ ಇದ್ದರು. ಹೆಂಡತಿ ಅತ್ತೆಯ ಬಿರಿದ ತುಟಿಯನ್ನು ಸೆರಗಿನಿಂದ ಒರೆಸಿದರು. ಅಳಲಿಲ್ಲ. "ಬಾವಿ ನೀರಾರೂ ಕೊಡಕಾಗಿತ್ತ್ ನೀವು," ಎಂದರು.

ಅದು ಯಾವ ದಿನವೆಂದು ನಿಶ್ಚಯಿಸಲು ಕಳೆದ ತಿಂಗಳು ನಾನು ದಾಖಲೆ ಪುಸ್ತಕವನ್ನು ನೋಡಿದೆ. ಅಂದು ಎಂಟೂವರೆಗೆ ನಾನು ಮಾಪಕದ ಬಳಿ ಇರಲಿಲ್ಲ. ಆದ್ದರಿಂದ ಪುಟದ ಕೋಷ್ಟಕದಲ್ಲಿ ಒಂದು ಖಾಲಿ ಮನೆ ಇರಬೇಕು. ಖಾಲಿ ಮನೆ ಇಲ್ಲ. ಮರುದಿನ ಎರಡು ದಿನಗಳ ನೀರನ್ನು ಒಟ್ಟಿಗೆ ಅಳೆದು, ಅಂದಾಜಿನಿಂದ ಎರಡಾಗಿ ಹಂಚಿ, ಎರಡು ಮನೆಗಳನ್ನೂ ತುಂಬಿದ್ದೆ. ಮಸಿಯಲ್ಲಿ ಅಳುಕಿಲ್ಲ, ಅಂಕಿಗಳು ನೇರವಾಗಿವೆ. ಇಡೀ ಪುಸ್ತಕದಲ್ಲಿ ಯಾವ ಎರಡು ಅಂಕಿಗಳು ಸುಳ್ಳೆಂದು ಈಗ ನನಗೂ ಗುರುತಿಸಲಾಗುವುದಿಲ್ಲ. ಕಚೇರಿಗೆ ಅಷ್ಟು ಸುಲಭವಾಗಿ ಹೇಳಿದ ಸುಳ್ಳನ್ನು ಅವರಿಗೆ...

ಆಮೇಲೆ ಅವರು ಮಿಕ್ಸ್ಚರ್ ಕೊಡಲಾರದವರಾದರು. ತುಂಬಿಸಿ ಕೊಟ್ಟ ಸೀಸೆಯನ್ನು ರೋಗಿಯ ಹಿಂದೆ ಓಡಿಹೋಗಿ ಕಸಿದುಕೊಂಡು ಚೆಲ್ಲುತ್ತಿದ್ದರು. ಒಂದು ವರ್ಷದೊಳಗೆ ಕೆಲಸ ಬಿಟ್ಟು ತಮ್ಮ ಊರಿಗೆ ಹಿಂದಿರುಗಿದರು. ನಾನು ಉನ್ನತ ವ್ಯಾಸಂಗಕ್ಕೆ ಮೈಸೂರಿಗೆ ಹೋದೆ. ಪ್ರತಿ ಸಂಕ್ರಮಣದ ಮೇಲೆ ಅವರಿಂದ ಒಂದು ಕಾರ್ಡು ಬರುತ್ತಿತ್ತು. ಪ್ರತಿ ವರ್ಷ ತಲಕಾವೇರಿಗೆ ಹೋಗುತ್ತಿದ್ದರು, ಆದರೆ ಸೀಸೆ ಒಯ್ಯುತ್ತಿರಲಿಲ್ಲ. ಗಂಟೆ ಬಾರಿಸುವುದಕ್ಕೂ ಪಂಚಾಂಗದ ನಿಮಿಷಕ್ಕೂ ಇರುವ ಅಂತರವನ್ನು ನೋಡಿ ಬರುತ್ತಿದ್ದರು. ಅದರಿಂದ ಆ ಒಂದು ವರ್ಷದ ವಿಷಯ ತಿಳಿದೀತೆಂಬ ಆಸೆ. 'ಈ ಸಲ ಗಂಟೆ ಸ್ವಲ್ಪ ಮುಂಚೆ. ಆ ದಿನದ ತಮ್ಮ ವಾಚಿನ ವ್ಯತ್ಯಾಸವನ್ನು ದಯವಿಟ್ಟು ಮತ್ತೊಮ್ಮೆ ನೋಡಿ ತಿಳಿಸಬೇಕು. ಅವ್ವನ ವಿಚಾರ ತಮಗೆ ಗೊತ್ತೇ ಇದೆ.' ಮಾತುಗಳು ಹೆಚ್ಚುಕಡಿಮೆ ಪ್ರತಿ ಸಲವೂ ಇವೇ. ಮೊದಲ ಎರಡು ಕಾರ್ಡುಗಳಿಗೆ ಕೋಷ್ಟಕವನ್ನು ಮತ್ತೆ ನಕಲು ಮಾಡಿ ಕಳುಹಿಸಿದೆ. ಮತ್ತೆ ಒಂಬತ್ತು ಬಂದವು. ಉತ್ತರ ಬರೆಯಲಿಲ್ಲ. ಹೊಸದಾಗಿ ಹೇಳುವಂಥದ್ದು ಏನೂ ಇರಲಿಲ್ಲ, ಎಂದು ಕಾರಣ ಕೊಟ್ಟುಕೊಂಡಿದ್ದೆ.

ಹನ್ನೆರಡನೆಯದು ಬಾರದ ವರ್ಷ ನಾನು ಅವರ ಊರಿಗೆ ಹೋದೆ. ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರ ಹೆಂಡತಿ ಜಗಲಿಯಲ್ಲಿ ಏಲಕ್ಕಿ ಆರಿಸುತ್ತ ಕುಳಿತಿದ್ದರು. ಕಾಫಿ ಕೊಟ್ಟರು. ಕೊನೆಗೆ ತೀರ್ಥ ಕೊಟ್ಟಿರಾ ಎಂದು ನಾನೇ ಕೇಳಿದೆ.

"ಮಧ್ಯಾಹ್ನ ಆಗಿತ್ತ್. ಬಾಯಿಗೆ ಹಿಡ್ದೆ. ತೆರ್ದವಿಲ್ಲೆ. ಯಾವ ಸೀಸೆದ್ ತ ಕೇಳ್ದೊ. ಸರಿಯಾದ್ದೇತ ಹೇಳ್ದೆ. ಯಾರ್ ಹೇಳ್ದ್ ತ ಕೇಳ್ದೊ." ಆಕೆ ಏಲಕ್ಕಿಯಿಂದ ಕಣ್ಣೆತ್ತಲಿಲ್ಲ. "ಮಳೆ ರೈಟ್ರ ಕಾಗದ ಬಂದುಟ್ಟು, ಲೆಕ್ಕ ಸರಿ ಉಟ್ಟುತ ಬರ್ದೊಳೊತ ಹೇಳ್ದೆ."

"ನಂಬಿದರೇ?"

"ಮುಖ ಒಂದ್ ಗಳಿಗೆ ಸಣ್ಣ ಮಕ್ಕಳದ್ದರ ಹಂಗೆ ಆತ್. ಅಷ್ಟ್ ವರ್ಷದಲ್ಲಿ ನಾ ಹಂಗೆ ಕಂಡಿತ್ಲೆ. ಮತ್ತೆ ಕೈ ಚಾಚ್ದೊ. ಕಾಗದ ತಾ, ನೋಡ್ಕುತ ಹೇಳ್ದೊ."

ಕಾಗದವಿರಲಿಲ್ಲ. ಓದಲು ಬಾರದ ಆಕೆ ಗೋಡೆಯ ಸಂದಿಯಲ್ಲಿ ಸಿಕ್ಕಿಸಿದ್ದ ಯಾವುದೋ ಒಂದು ಕಾಗದವನ್ನು ತಂದು ಕೈಗೆ ಕೊಟ್ಟರು. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದರು. ಅಕ್ಷರ ನನ್ನದಲ್ಲ.

"ಬೈದವಿಲ್ಲೆ," ಎಂದರು ಆಕೆ. "ಮಡ್ಚಿ ನನ್ನ ಕೈಲೇ ವಾಪಾಸ್ ಕೊಟ್ಟೊ. ಮತ್ತೆ ಬಾಯಿ ತೆರ್ದವಿಲ್ಲೆ."

ಈಗ ಆಕೆಯೂ ಇಲ್ಲ. ಜವಳಿ ಅಂಗಡಿಯಿದ್ದ ಜಾಗದಲ್ಲಿ ಬೇರೇನೋ ಇದೆಯೆಂದು ಕೇಳಿದ್ದೇನೆ. ಈ ಲೇಖನದ ಕಾಲವನ್ನೂ ಕ್ರಮವನ್ನೂ ನಾನು ಮೂರು ಸಲ ತಾಳೆ ನೋಡಿದ್ದೇನೆ. ಅವರು ತೀರಿಕೊಂಡ ತಾರೀಕು ಮಾತ್ರ ಎಲ್ಲಿಯೂ ಸಿಗಲಿಲ್ಲ. ಹೇಳಬಲ್ಲವರು ಯಾರೂ ಉಳಿದಿಲ್ಲ. ಅವರು ಕೈ ಚಾಚಿ ಕೇಳಿದ ಕಾಗದ ಬರೀ ಒಂದು ಸಾಲಿನದು: ಮೊದಲ ಸೀಸೆಯೇ ಸರಿ. ಅದನ್ನು ಬರೆದು ರುಜು ಹಾಕಲು ನನಗೆ ಒಂಬತ್ತು ವರ್ಷಗಳ ಅವಕಾಶವಿತ್ತು. ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು ಎಂದೂ ನಾನು ಖಚಿತವಾಗಿ ಹೇಳಲಾರೆ.